ಎತ್ತರ ಅಂದರೆ ಎಲ್ಲಿಂದ? ಒಂದು ದೋಣಿ, ಒಂದು ಪದಪಟ್ಟಿ, 34 ಸೆಂಟಿಮೀಟರ್ ತಪ್ಪು

ನಾನು ಕೆಲಸ ಮಾಡುವುದು ಜೆ.ಪಿ. ನಗರದ ಒಂದು ಸಣ್ಣ ಹಡಗು ವಿನ್ಯಾಸದ ಆಫೀಸಿನಲ್ಲಿ. ಬೆಂಗಳೂರಲ್ಲಿ ಹಡಗಿನ ಕೆಲಸವಾ ಅಂತ ಎಲ್ಲರೂ ಕೇಳುತ್ತಾರೆ. ಹಡಗು ಕಟ್ಟುವುದು ನೀರಿನ ದಡದಲ್ಲಿ, ಆದರೆ ಅದರ ಲೆಕ್ಕ, ನಕ್ಷೆ ಎಲ್ಲಾ ಎಲ್ಲಿ ಕೂತು ಬೇಕಾದರೂ ಮಾಡಬಹುದು. ನಾವು ಹನ್ನೊಂದು ಜನ ಇದ್ದೇವೆ. ಅದರಲ್ಲಿ ಹಡಗು ವಿನ್ಯಾಸವನ್ನೇ ಓದಿದವರು ಮೂವರು. ಉಳಿದವರು ಮೆಕ್ಯಾನಿಕಲ್ ಡಿಪ್ಲೊಮಾ, ಐಟಿಐ ಮುಗಿಸಿ ಬಂದ ಹುಡುಗ ಹುಡುಗಿಯರು. ಹೆಚ್ಚಿನವರು ತುಮಕೂರು, ಹಾಸನ, ಮಂಡ್ಯ ಕಡೆಯವರು. ಕೆಲಸದಲ್ಲಿ ಚುರುಕು. ಆದರೆ ಹಡಗನ್ನು ಹತ್ತಿರದಿಂದ ನೋಡಿದವರು ಕಡಿಮೆ.

ಈ ಪ್ರಕರಣ ಒಂದು ಪ್ರಯಾಣಿಕರ ದೋಣಿಯದು. ಉಕ್ಕಿನದು. ಅಣೆಕಟ್ಟಿನ ಹಿನ್ನೀರಿನಲ್ಲಿ ಓಡಲಿಕ್ಕೆ. ಉದ್ದ 20 ಮೀಟರ್, ಅಗಲ 4.7 ಮೀಟರ್, 60 ಜನಕ್ಕೆ ಜಾಗ. ಜನ, ಡೀಸೆಲ್, ನೀರು ಎಲ್ಲಾ ಸೇರಿ 48 ಟನ್. ನಕ್ಷೆಯ ಹಂತದಲ್ಲೇ ಅದರಲ್ಲಿ ಒಂದು ದೊಡ್ಡ ತಪ್ಪು ಸೇರಿಕೊಂಡಿತ್ತು. ಲೆಕ್ಕ ಕೂಡಿದ್ದರಲ್ಲಿ ತಪ್ಪಿರಲಿಲ್ಲ, ಸಾಫ್ಟ್‌ವೇರೂ ಸರಿಯಿತ್ತು. ತಪ್ಪು ಒಂದು ಪದದಿಂದ ಬಂತು. ಆ ಪದವನ್ನು ಪಟ್ಟಿಗೆ ಹಾಕಿದ್ದು ನಾನೇ.

ಮೊದಲು ಆ ಪಟ್ಟಿಯ ವಿಷಯ ಹೇಳಬೇಕು. ಹೊಸಬರಿಗೆ ಅನುಕೂಲ ಆಗಲಿ ಅಂತ ನಾವು ಎರಡು ವರ್ಷದ ಹಿಂದೆ ಒಂದು ಕನ್ನಡ ಪದಪಟ್ಟಿ ಮಾಡಿದ್ದೆವು. ಒಂದು ಕಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ. ಅಷ್ಟೇ. ಬಲ್ಕ್‌ಹೆಡ್‌ಗೆ ಅಡ್ಡಗೋಡೆ, ರಡ್ಡರ್‌ಗೆ ಚುಕ್ಕಾಣಿ, ಆ್ಯಂಕರ್‌ಗೆ ಲಂಗರು, ಫ್ರೇಮ್‌ಗೆ ಪಕ್ಕೆಲುಬು. ಇವೆಲ್ಲ ಚೆನ್ನಾಗಿ ಕೂತವು. ಕೀಲ್ ಅನ್ನುವಲ್ಲಿ ಮೊದಲ ತೊಡಕು ಬಂತು. ಹಡಗಿನ ಬೆನ್ನುಮೂಳೆಯ ಹಾಗೆ ತಳದ ಉದ್ದಕ್ಕೂ ಹೋಗುವ ಭಾಗ ಅದು. ಕನ್ನಡದವರ ಕಿವಿಗೆ ಅದು ಬಾಗಿಲ ಕೀಲು, ಮೂಳೆಯ ಕೀಲು ಅಂತಲೇ ಕೇಳಿಸುತ್ತದೆ. ಸರಿ, ತಳದ ತೊಲೆ ಅಂತ ಬರೆದೆವು.

ಮುಂದಿನ ತೊಡಕು ಕೆಜಿ. ಹಡಗು ವಿನ್ಯಾಸದಲ್ಲಿ ದಿನಕ್ಕೆ ನೂರು ಸಲ ಬರುವ ಪದ ಇದು. ಕೆ ಅಂದರೆ ಕೀಲ್, ಜಿ ಅಂದರೆ ಭಾರಕೇಂದ್ರ. ಕೀಲ್‌ನಿಂದ ಭಾರಕೇಂದ್ರದವರೆಗೆ ಎಷ್ಟು ಎತ್ತರ ಅನ್ನುವುದು ಕೆಜಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಿಲೋಗ್ರಾಂಗೆ ಸಣ್ಣ ಅಕ್ಷರ, ಇದಕ್ಕೆ ದೊಡ್ಡ ಅಕ್ಷರ, ಹಾಗಾಗಿ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಒಬ್ಬ ಹುಡುಗ 'ಇಂಜಿನ್ ಕೆಜಿ 0.9' ಅನ್ನುವ ಸಾಲು ನೋಡಿ, ಇಂಜಿನ್ ಒಂದು ಕಿಲೋನೂ ಇಲ್ವಾ ಮೇಡಂ ಅಂತ ಗಾಬರಿಯಿಂದ ಕೇಳಿದ್ದ. ಕೇಳಿದ್ದು ಸರಿಯಾಗೇ ಇತ್ತು. ಅವತ್ತೇ ನಾನು ಪಟ್ಟಿಯಲ್ಲಿ ಕೆಜಿ ತೆಗೆದು 'ಭಾರಕೇಂದ್ರದ ಎತ್ತರ' ಅಂತ ಹಾಕಿದೆ. ಓದಲಿಕ್ಕೆ ಸುಲಭ ಆಯಿತು. ಆದರೆ ಆ ಪದದ ಒಳಗಿದ್ದ ಕೆ ಬಿದ್ದುಹೋಯಿತು. ಎತ್ತರ ಉಳಿಯಿತು, ಎಲ್ಲಿಂದ ಅನ್ನುವುದು ಹೋಯಿತು.

ಈ ಎತ್ತರ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಹಂಪಿಯಲ್ಲೋ ಹೊಗೇನಕಲ್‌ನಲ್ಲೋ ಹರಿಗೋಲು ಹತ್ತಿದವರಿಗೆ ಇದು ಮೈಯಲ್ಲೇ ಗೊತ್ತಿರುತ್ತದೆ. ಕೂತಿದ್ದಾಗ ನೆಮ್ಮದಿ, ಯಾರಾದರೂ ಎದ್ದು ನಿಂತರೆ ಹರಿಗೋಲು ತೂಗಾಡುತ್ತದೆ, ನಡೆಸುವವರು ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕೂಗುತ್ತಾರೆ. ತೂಕ ಅಷ್ಟೇ ಇದೆ, ಜಾಗವೂ ಅಷ್ಟೇ. ಭಾರಕೇಂದ್ರ ಮೇಲೆ ಹೋಯಿತು, ಅಷ್ಟೇ. ಹಡಗು ಒಂದು ಬದಿಗೆ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗುತ್ತದೆ. ನೀರು ಮೇಲಕ್ಕೆ ಒತ್ತುವ ಜಾಗ ವಾಲಿದ ಕಡೆಗೆ ಸರಿಯುತ್ತದೆ. ಆ ಜಾಗದಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದರೆ ಅದು ಹಡಗಿನ ನಡುಗೆರೆಯನ್ನು ಒಂದು ಕಡೆ ಕತ್ತರಿಸುತ್ತದೆ. ಆ ಬಿಂದುವಿಗೆ ಮೆಟಾಸೆಂಟರ್ ಅಂತ ಹೆಸರು. 1746ರಲ್ಲಿ ಫ್ರಾನ್ಸಿನ ಪಿಯೆರ್ ಬೂಗೇ ಕೊಟ್ಟ ಹೆಸರು ಅದು. ಚುಟುಕಾಗಿ ಎಂ. ಎಂ ಮೇಲಿದ್ದು ಜಿ ಕೆಳಗಿದ್ದರೆ ಹಡಗು ತಾನಾಗಿ ಎದ್ದು ನಿಲ್ಲುತ್ತದೆ. ಇವೆರಡರ ನಡುವಿನ ಅಂತರವೇ ಜಿಎಂ. ಕೀಲ್‌ನಿಂದ ಎಂ ಎಷ್ಟು ಎತ್ತರ, ಕೀಲ್‌ನಿಂದ ಜಿ ಎಷ್ಟು ಎತ್ತರ, ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಜಿಎಂ ಬಂತು. ಎರಡನ್ನೂ ಒಂದೇ ಕಡೆಯಿಂದ ಅಳೆದಿರಬೇಕು. ಇಲ್ಲದಿದ್ದರೆ ಆ ಕಳೆಯುವ ಲೆಕ್ಕಕ್ಕೆ ಅರ್ಥವೇ ಇಲ್ಲ.

ನಮ್ಮ ದೋಣಿಯ ಮೊದಲ ಲೆಕ್ಕ ಹೀಗಿತ್ತು. ಎಂ ಇರುವುದು ಕೀಲ್‌ನಿಂದ 2.62 ಮೀಟರ್ ಎತ್ತರದಲ್ಲಿ. ಜಿ 1.80ರಲ್ಲಿ. ಜಿಎಂ 0.82. ಆಮೇಲೆ ಜನ ಎಲ್ಲಾ ಒಂದೇ ಬದಿಗೆ ಬಂದರೆ ಎಷ್ಟು ವಾಲುತ್ತದೆ ಅಂತ ನೋಡಬೇಕು. ಇದು ಸುಮ್ನೆ ಮಾಡುವ ಪರೀಕ್ಷೆ ಅಲ್ಲ. ದಡ ಹತ್ತಿರ ಬಂದಾಗ, ಮೊಸಳೆ ಕಂಡಿತು ಅಂತ ಯಾರೋ ಕೂಗಿದಾಗ ಜನ ನಿಜವಾಗಿ ಹಾಗೇ ಓಡುತ್ತಾರೆ. 60 ಜನ, ತಲಾ 75 ಕಿಲೋ, ಒಟ್ಟು 4.5 ಟನ್, ನಡುವಿನಿಂದ 1.2 ಮೀಟರ್ ಪಕ್ಕಕ್ಕೆ. ಲೆಕ್ಕದಲ್ಲಿ 7.8 ಡಿಗ್ರಿ ಬಂತು. ಪ್ರಯಾಣಿಕರ ಹಡಗಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಸ್ಥಿರತೆ ನಿಯಮದಲ್ಲಿ ಇದು 10 ಡಿಗ್ರಿ ದಾಟಬಾರದು. ಆ ನಿಯಮ 24 ಮೀಟರ್‌ಗಿಂತ ಚಿಕ್ಕ ದೋಣಿಗೆ ಕಡ್ಡಾಯ ಅಲ್ಲ, ಆದರೂ ನಾವು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೆವು. 7.8 ಅಂದರೆ ಪಾಸ್. ಎಲ್ಲರಿಗೂ ಖುಷಿ.

ದೋಣಿಯ ಪ್ರತಿ ಭಾಗದ ತೂಕ, ಎತ್ತರ ಬರೆಯುವ ತೂಕದ ಪಟ್ಟಿ ಅಂತ ಒಂದಿರುತ್ತದೆ. ತಪ್ಪು ಹೊಕ್ಕಿದ್ದು ಅದರ ಒಂದೇ ಒಂದು ಸಾಲಿನಲ್ಲಿ. ಡೆಕ್ (ದೋಣಿಯ ಒಡಲನ್ನು ಮುಚ್ಚುವ ಮೇಲ್ಹಾಸು) ಮೇಲಿನ ಕ್ಯಾಬಿನ್, ಚಾವಣಿ, ಕಿಟಕಿ ಗಾಜು, ಸೀಟು, ಚಾವಣಿ ಮೇಲಿನ ಎಸಿ, ಇದೆಲ್ಲವನ್ನೂ ಪೀಣ್ಯದ ಒಂದು ವರ್ಕ್‌ಶಾಪ್ ಮಾಡಿ ದೋಣಿ ಕಟ್ಟುವ ಯಾರ್ಡ್‌ಗೆ ಕಳಿಸುವುದಿತ್ತು. ತೂಕದ ಪಟ್ಟಿ ತುಂಬುತ್ತಿದ್ದ ನಮ್ಮ ಹುಡುಗ ಅವರಿಗೆ ಫೋನ್ ಮಾಡಿ, ಅಣ್ಣ, ನಿಮ್ಮ ಸಾಮಾನಿನ ಒಟ್ಟು ತೂಕ ಎಷ್ಟು, ಭಾರಕೇಂದ್ರದ ಎತ್ತರ ಎಷ್ಟು ಅಂತ ಕೇಳಿದ. ಪದಪಟ್ಟಿಯಲ್ಲಿ ಇದ್ದ ಪದವನ್ನೇ ಬಳಸಿದ. ಅವರು ಚೆನ್ನಾಗಿ ಲೆಕ್ಕ ಹಾಕಿಯೇ ಹೇಳಿದರು: 7.5 ಟನ್, 1.4 ಮೀಟರ್. ಅವರ ಮಟ್ಟಿಗೆ ಎತ್ತರ ಶುರುವಾಗುವುದು ಕ್ಯಾಬಿನ್ ನೆಲದಿಂದ. ವರ್ಕ್‌ಶಾಪಿನಲ್ಲಿ ಅದು ನಿಂತಿರುವುದೇ ನೆಲದ ಮೇಲೆ, ಬೇರೆ ಎಲ್ಲಿಂದ ಅಳೆಯುತ್ತಾರೆ? ದೋಣಿಯಲ್ಲಿ ಆ ನೆಲ ಇರುವುದು ಡೆಕ್ ಮೇಲೆ, ಡೆಕ್ ಇರುವುದು ಕೀಲ್‌ನಿಂದ 2.2 ಮೀಟರ್ ಮೇಲೆ. ಹಾಗಾದರೆ ನಿಜವಾದ ಎತ್ತರ 3.6. ಹುಡುಗ ಬರೆದದ್ದು 1.4. ಫೋನಿನ ಎರಡು ತುದಿಯಲ್ಲಿದ್ದವರೂ ಸರಿಯಾಗೇ ಮಾತಾಡಿದರು, ಪದ ಮಾತ್ರ ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಟ್ಟಿತು.

ಏಳೂವರೆ ಟನ್ ಸಾಮಾನನ್ನು ನಾವು ಕಾಗದದ ಮೇಲೆ 2.2 ಮೀಟರ್ ಕೆಳಗೆ ಇಳಿಸಿಬಿಟ್ಟಿದ್ದೆವು. ಗುಣಿಸಿದರೆ 16.5 ಟನ್-ಮೀಟರ್. 48 ಟನ್‌ನಿಂದ ಭಾಗಿಸಿದರೆ 34 ಸೆಂಟಿಮೀಟರ್. ದೋಣಿಯ ಜಿ ನಿಜಕ್ಕೂ ಇದ್ದದ್ದು 2.14ರಲ್ಲಿ, ಜಿಎಂ 0.48 ಮಾತ್ರ. ಅದೇ ಜನ ಅದೇ ಬದಿಗೆ ಓಡಿದರೆ ವಾಲುವುದು 13.3 ಡಿಗ್ರಿ. ಆ ಸಂಖ್ಯೆ ಮೊದಲ ಸಲ ಪರದೆ ಮೇಲೆ ಬಂದಾಗ ನನ್ನ ಕೈ ತಣ್ಣಗಾಯಿತು. ಅರವತ್ತು ಜನ ಕೂರುವ ದೋಣಿ ಅದು. ಮಕ್ಕಳು ಇರುತ್ತಾರೆ, ಈಜು ಬಾರದವರು ಇರುತ್ತಾರೆ.

ಕಂಡುಹಿಡಿದವರು ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್. ಕುಂದಾಪುರ ಕಡೆಯವರು, ಅವರ ಮನೆಯವರು ತಲೆಮಾರಿನಿಂದ ಮೀನು ದೋಣಿ ಇಟ್ಟವರು. ಅವರು ಸ್ಥಿರತೆಯ ಲೆಕ್ಕ ನೋಡುತ್ತಿರಲಿಲ್ಲ, ಸೀಟಿನ ನಕ್ಷೆ ಬರೆಯುತ್ತಿದ್ದರು. ಸೀಟಿನ ತೂಕ ಬೇಕಾಗಿ ವರ್ಕ್‌ಶಾಪಿನಿಂದ ಬಿಡಿ ಬಿಡಿ ಪಟ್ಟಿ ತರಿಸಿದರು. ಅದರಲ್ಲಿ ಸೀಟಿನ ಎತ್ತರ 0.5 ಮೀಟರ್ ಅಂತ ಇತ್ತು. ಅದನ್ನು ನಮ್ಮ ತೂಕದ ಪಟ್ಟಿಯ ಪಕ್ಕದಲ್ಲಿ ಇಟ್ಟುಕೊಂಡು ನನ್ನನ್ನು ಕರೆದರು. "ಮೇಡಂ, ಇಲ್ ಕಾಣಿ. ಕೀಲಿಂದ ಅರ್ಧ ಮೀಟರ್ ಅಂದ್ರೆ ಜನ ಬಿಲ್ಜಲ್ಲಿ ಕೂತ್ಕಂಡಂಗಾಯ್ತಲ್ಲ." ಬಿಲ್ಜ್ ಅಂದರೆ ದೋಣಿಯ ತಳದಲ್ಲಿ ಕೊಳಕು ನೀರು ಸೇರುವ ಜಾಗ. ನಮ್ಮ ದೋಣಿ ಮುಳುಗುವುದೇ 1.1 ಮೀಟರ್. ಅಂದರೆ ಸೀಟುಗಳು ನೀರಿನ ಮಟ್ಟಕ್ಕಿಂತ ಅರವತ್ತು ಸೆಂಟಿಮೀಟರ್ ಕೆಳಗೆ! 7.5 ಟನ್, 1.4 ಮೀಟರ್ ಅಂತ ಒಟ್ಟಾಗಿ ಬರೆದಾಗ ಯಾರ ಕಣ್ಣಿಗೂ ಬೀಳಲಿಲ್ಲ. ಬಿಡಿಸಿ ನೋಡಿದ ಕೂಡಲೇ ಕಂಡಿತು. ಅವತ್ತಿಂದ ನಾವು ಒಟ್ಟು ಮಾಡಿದ ಸಾಲನ್ನು ತೂಕದ ಪಟ್ಟಿಯಲ್ಲಿ ಒಪ್ಪುವುದಿಲ್ಲ.

ದೋಣಿಯನ್ನು ಸರಿ ಮಾಡಿದ್ದು ಹೇಗೆ ಅಂತ ಬೇಗ ಹೇಳುತ್ತೇನೆ. ತಳದಲ್ಲಿ ಎರಡೂವರೆ ಟನ್ ಕಬ್ಬಿಣ ತುಂಬಿ ನೋಡಿದೆವು, ಜಿಎಂ ಐದಾರು ಸೆಂಟಿಮೀಟರ್ ಜಾಸ್ತಿ ಆಯಿತು, ಸಾಲಲಿಲ್ಲ. ಅಗಲ ಹೆಚ್ಚಿಸುವುದೇ ದಾರಿ. ದೋಣಿಯನ್ನು ಎದ್ದು ನಿಲ್ಲಿಸುವ ಬಲ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಸ್ವಲ್ಪ ಅಗಲಕ್ಕೆ ತುಂಬಾ ಲಾಭ. 4.7 ಇದ್ದದ್ದನ್ನು 5 ಮೀಟರ್ ಮಾಡಿದೆವು. ತೂಕ 49 ಟನ್ ಆಯಿತು. ಜಿಎಂ 0.81. ಜನ ಈಗ ಸ್ವಲ್ಪ ಜಾಸ್ತಿ ಪಕ್ಕಕ್ಕೆ ಹೋಗಬಹುದಾದರೂ ವಾಲುವುದು 8.4 ಡಿಗ್ರಿ. ಉಕ್ಕು ಇನ್ನೂ ಕತ್ತರಿಸಿರಲಿಲ್ಲ. ಹಾಗಾಗಿ ಮೂರು ವಾರ ಹೋಯಿತು, ನಕ್ಷೆ ಮತ್ತೆ ಬರೆದದ್ದಾಯಿತು, ಅಷ್ಟಕ್ಕೇ ಮುಗಿಯಿತು.

ನನಗೆ ಜಾಸ್ತಿ ಕೆಲಸ ಕೊಟ್ಟದ್ದು ಪದಪಟ್ಟಿ. ಒಂದು ಭಾನುವಾರ ಪೂರ್ತಿ ಕೂತು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆ: ಎಲ್ಲಿಂದ? ಹಾಗೆ ಕೇಳಿದಾಗ ಪಟ್ಟಿಯ ಅರ್ಧದಷ್ಟು ಸಾಲು ಅರೆಬರೆ ಅಂತ ಗೊತ್ತಾಯಿತು. ಡೆಪ್ತ್‌ಗೂ 'ಆಳ', ಡ್ರಾಫ್ಟ್‌ಗೂ 'ಆಳ' ಅಂತ ಬರೆದಿದ್ದೆವು. ಒಂದು ತಳದಿಂದ ಡೆಕ್‌ವರೆಗಿನ ಅಳತೆ, ಹಡಗು ಕಟ್ಟಿದ ಮೇಲೆ ಬದಲಾಗುವುದೇ ಇಲ್ಲ. ಇನ್ನೊಂದು ತಳದಿಂದ ನೀರಿನ ಮಟ್ಟದವರೆಗಿನದು, ಒಂದು ಮೂಟೆ ಹತ್ತಿಸಿದರೂ ಬದಲಾಗುತ್ತದೆ. ಮೊದಲನೆಯದನ್ನು ಒಡಲಿನ ಆಳ, ಎರಡನೆಯದನ್ನು ಮುಳುಗು ಅಂತ ಬದಲಿಸಿದೆ. ಹಿರಿಯರು ಮುಳುಗು ಅನ್ನುವುದನ್ನು ಮೊದಲು ಒಪ್ಪಲಿಲ್ಲ, ದೋಣಿಯ ವಿಷಯದಲ್ಲಿ ಆ ಮಾತು ಬಾಯಲ್ಲಿ ತರಬಾರದು ಅಂದರು. ಅದಕ್ಕೆ ಬೆಲೆ ಕೊಟ್ಟು 'ನೀರಿನೊಳಗಿನ ಆಳ' ಅಂತ ಮಾಡಿದೆವು. ಮೋಲ್ಡೆಡ್ ಅಂತ ಇನ್ನೊಂದು ಪದ ಇದೆ. ಉಕ್ಕಿನ ಹಡಗಿನಲ್ಲಿ ಅದು ತಗಡಿನ ಒಳಮೈಯಿಂದ ತೆಗೆದ ಅಳತೆ. ಹೊರಮೈಯಿಂದ ಅಳೆದರೆ ತಗಡಿನ ದಪ್ಪವೂ ಸೇರುತ್ತದೆ. ಇದನ್ನು ನಾವು 'ಅಚ್ಚಿನ ಅಳತೆ' ಅಂತ ಬರೆದು ಬಿಟ್ಟಿದ್ದೆವು, ಓದಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

ಎಡ, ಬಲ ಕೂಡ ಹಾಗೇ. ಪೋರ್ಟ್ ಅಂದರೆ ಎಡ, ಸ್ಟಾರ್‌ಬೋರ್ಡ್ ಅಂದರೆ ಬಲ ಅಂತ ಬರೆದಿದ್ದೆವು. ಯಾರ ಎಡ? ಹಡಗಿನ ಮೂತಿಯ ಕಡೆಗೆ ಮುಖ ಮಾಡಿ ನಿಂತವರ ಎಡ. ಮೂತಿಗೆ ಎದುರಾಗಿ ದಡದಲ್ಲಿ ನಿಂತು ನೋಡಿದರೆ ಅದೇ ಬದಿ ಬಲಕ್ಕೆ ಬರುತ್ತದೆ. ಅದಕ್ಕೇ ನಾವಿಕರು ಎಡ ಬಲ ಅನ್ನದೆ ಬೇರೆ ಹೆಸರು ಇಟ್ಟುಕೊಂಡರು, ಆ ಹೆಸರು ಹಡಗಿಗೆ ಅಂಟಿಕೊಂಡಿರುತ್ತದೆ, ನಿಂತವರಿಗೆ ಅಲ್ಲ. ಹಳೆಯ ಕಾಲದಲ್ಲಿ ಚುಕ್ಕಾಣಿ ಹುಟ್ಟನ್ನು ಬಲಬದಿಗೆ ಕಟ್ಟುತ್ತಿದ್ದರು, ಸ್ಟಾರ್‌ಬೋರ್ಡ್ ಅನ್ನುವುದು ಅದರಿಂದಲೇ ಬಂತು. ಎಡಕ್ಕೆ ಲಾರ್‌ಬೋರ್ಡ್ ಅನ್ನುತ್ತಿದ್ದರು. ಗಾಳಿಯಲ್ಲಿ ಕೂಗಿದಾಗ ಎರಡೂ ಒಂದೇ ಥರ ಕೇಳಿಸುತ್ತದೆ, ಅಲ್ವಾ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಬೇಕು ಅಂತ ಆದೇಶ ಮಾಡಿತು. ಒಂದು ಪದ ಗೊಂದಲ ಮಾಡುತ್ತದೆ ಅಂತ ಇಡೀ ನೌಕಾಪಡೆ ಪದವನ್ನೇ ಬದಲಿಸಿತು ಅನ್ನುವುದು ನನಗೆ ಆ ವಾರ ತುಂಬಾ ಧೈರ್ಯ ಕೊಟ್ಟಿತು. ಪಟ್ಟಿಯಲ್ಲಿ ಪೋರ್ಟ್, ಸ್ಟಾರ್‌ಬೋರ್ಡ್ ಹಾಗೇ ಇಟ್ಟೆವು. ಪಕ್ಕದಲ್ಲಿ, ರಾತ್ರಿ ಆಯಾ ಬದಿಯಲ್ಲಿ ಉರಿಯುವ ದೀಪದ ಬಣ್ಣದಿಂದ, ಕೆಂಪು ದೀಪದ ಬದಿ, ಹಸಿರು ದೀಪದ ಬದಿ ಅಂತ ಬರೆದೆವು.

ಟನ್ ಬಗ್ಗೆ ಒಂದು ಪುಟವೇ ಆಯಿತು. ಒಬ್ಬರು ಈ ಹಡಗು 5,000 ಟನ್ ಅಂದರೆ ಮೊದಲು ಕೇಳಬೇಕಾದದ್ದು ಯಾವ ಟನ್ ಅಂತ. ಡಿಸ್‌ಪ್ಲೇಸ್‌ಮೆಂಟ್ ಅಂದರೆ ಹಡಗು ಒತ್ತರಿಸಿದ ನೀರಿನ ತೂಕ, ಅಂದರೆ ಹಡಗಿನ ಆ ಹೊತ್ತಿನ ಪೂರ್ತಿ ತೂಕ. ಡೆಡ್‌ವೇಟ್ ಅಂದರೆ ಅದು ಹೊರಬಲ್ಲ ಸರಕು, ಇಂಧನ, ನೀರು, ಜನ ಎಲ್ಲಾ ಸೇರಿದ ತೂಕ. ಇದಕ್ಕೆ ನಮ್ಮ ಹಳೆ ಪಟ್ಟಿಯಲ್ಲಿ 'ಸತ್ತ ತೂಕ' ಅಂತ ಇತ್ತು. ಹಡಗಿಗೆ ದುಡಿಮೆ ತರುವುದೇ ಆ ತೂಕ! ಈಗ 'ಹೊರುವ ತೂಕ' ಅಂತ ಮಾಡಿದ್ದೇವೆ. ಇನ್ನು ಗ್ರಾಸ್ ಟನೇಜ್ ಅನ್ನುವುದು ತೂಕವೇ ಅಲ್ಲ. ಹಡಗಿನ ಒಳಗಿನ ಮುಚ್ಚಿದ ಜಾಗ ಎಷ್ಟು ಅನ್ನುವುದರ ಲೆಕ್ಕ. ಹಿಂದೆ ಯುರೋಪಿನಲ್ಲಿ ಎಷ್ಟು ವೈನ್ ಪೀಪಾಯಿ ಹಿಡಿಸುತ್ತದೆ ಅಂತ ಹಡಗನ್ನು ಅಳೆಯುತ್ತಿದ್ದರು, ಆ ಪೀಪಾಯಿಗೆ ಟನ್ ಅನ್ನುತ್ತಿದ್ದರು. 1969ರ ಒಪ್ಪಂದದಿಂದ ಈಗಿನ ಸೂತ್ರ ಬಂತು, 1982ರಲ್ಲಿ ಜಾರಿಯಾಯಿತು. ಹೆಸರಲ್ಲಿ ಟನ್ನಿನ ನೆರಳು ಹಾಗೇ ಉಳಿದುಕೊಂಡಿತು.

ಇಂಜಿನ್ ಕಡೆಯ ಪದಗಳಲ್ಲೂ ಇದೇ ಕಥೆ. ಬ್ರೇಕ್ ಪವರ್ ಅನ್ನುವುದಕ್ಕೆ ಒಬ್ಬಳು ಹುಡುಗಿ 'ನಿಲ್ಲಿಸುವ ಶಕ್ತಿ' ಅಂತ ಬರೆದಿದ್ದಳು. ಬ್ರೇಕ್ ಅಂದರೆ ಇನ್ನೇನು ಅಂದುಕೊಳ್ಳಬೇಕು? ಅದು ಇಂಜಿನ್ ತುದಿಯಲ್ಲಿ ಸಿಗುವ ಶಕ್ತಿ. ಹಿಂದೆ ತಿರುಗುವ ಶಾಫ್ಟ್‌ಗೆ ಬ್ರೇಕ್ ಒತ್ತಿ ಹಿಡಿದು ಅಳೆಯುತ್ತಿದ್ದರು, 1821ರಲ್ಲಿ ಗ್ಯಾಸ್ಪಾರ್ ದ ಪ್ರೋನಿ ಮಾಡಿದ ಉಪಾಯ ಅದು. ಹೆಸರು ಅಲ್ಲಿಂದ ಬಂತು. ಅದೇ ಶಕ್ತಿ ಗೇರ್‌ಬಾಕ್ಸ್ ದಾಟಿ ಶಾಫ್ಟ್‌ಗೆ ಬಂದಾಗ ಸ್ವಲ್ಪ ಕಡಿಮೆ, ಪ್ರೊಪೆಲ್ಲರ್‌ಗೆ ತಲುಪುವಾಗ ಇನ್ನೂ ಕಡಿಮೆ, ಕೊನೆಗೆ ದೋಣಿಯನ್ನು ಮುಂದೆ ತಳ್ಳಲು ನಿಜವಾಗಿ ಬಳಕೆಯಾಗುವುದು ಅದಕ್ಕಿಂತಲೂ ತುಂಬಾ ಕಡಿಮೆ. ನಾಲ್ಕಕ್ಕೂ ನಾಲ್ಕು ಹೆಸರು. ಇಲ್ಲೂ ಎಲ್ಲಿ ಅಳೆದದ್ದು ಅನ್ನುವುದೇ ಪ್ರಶ್ನೆ.

ಅಳತೆಯ ಗೊಂದಲ ಹಡಗಿಗೆ ಹೊಸದಲ್ಲ. ಸ್ವೀಡನ್‌ನ ವಾಸಾ ಅನ್ನುವ ಯುದ್ಧದ ಹಡಗು 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ಹೊರಟು ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ ಮುಳುಗಿತು. ಭಾರ ಮೇಲೆ ಜಾಸ್ತಿ ಇತ್ತು. ಹೊರಡುವ ಮುಂಚೆ 30 ಜನರನ್ನು ಡೆಕ್ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ನೋಡಿದ್ದರು, ಮೂರು ಸಲ ಓಡುವಷ್ಟರಲ್ಲಿ ಹಡಗು ಹೆದರಿಸುವಷ್ಟು ತೂಗಾಡಿತು, ನಿಲ್ಲಿಸಿಬಿಟ್ಟರು. ನಾವು ಕಂಪ್ಯೂಟರಿನಲ್ಲಿ ಮಾಡಿದ್ದೂ ಅದೇ ಪರೀಕ್ಷೆ. ಆ ಹಡಗನ್ನು ಮೇಲೆತ್ತಿದ ಮೇಲೆ ಅದರೊಳಗೆ ಬಡಗಿಗಳ ಅಳತೆಗೋಲುಗಳು ಸಿಕ್ಕಿದವು. ಕೆಲವು 12 ಅಂಗುಲದ ಸ್ವೀಡನ್ ಅಡಿ, ಕೆಲವು 11 ಅಂಗುಲದ ಆಮ್‌ಸ್ಟರ್‌ಡಾಮ್ ಅಡಿ. ಎರಡಕ್ಕೂ ಅಡಿ ಅಂತಲೇ ಹೆಸರು. ಪೀಣ್ಯದ ನಮ್ಮ ಫೋನ್ ಕರೆ ನೆನಪಾಗಿ ಆ ವಿಷಯ ನಾನು ಎಲ್ಲರಿಗೂ ಓದಿ ಹೇಳಿದೆ.

ಈಗ ಪಟ್ಟಿಯಲ್ಲಿ ಮೂರು ಕಾಲಂ ಇವೆ: ಪದ, ಕನ್ನಡದಲ್ಲಿ ಏನು, ಎಲ್ಲಿಂದ ಎಲ್ಲಿಗೆ. ಮೂರನೆಯದು ಖಾಲಿ ಇದ್ದರೆ ಆ ಪದವನ್ನು ಬಳಸುವಂತಿಲ್ಲ. ಕೆಜಿ ಈಗ 'ಕೀಲ್‌ನಿಂದ ಭಾರಕೇಂದ್ರ'. ಉದ್ದ ಆಯಿತು, ಆಗಲಿ. ವರ್ಕ್‌ಶಾಪಿಗೆ ಕಳಿಸುವ ಹಾಳೆಯಲ್ಲಿ ಪದ ಬಿಟ್ಟು ಒಂದು ಸಣ್ಣ ಚಿತ್ರವನ್ನೇ ಹಾಕಿದ್ದೇವೆ, ದೋಣಿಯ ಅಡ್ಡ ಸೀಳು, ತಳದಿಂದ ಒಂದು ಬಾಣದ ಗುರುತು. ಪೀಣ್ಯದವರು ಅದನ್ನು ನೋಡಿ, ಇದು ಮೊದಲೇ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಮೇಡಂ ಅಂದರು. ಹೌದು, ಆಗುತ್ತಿತ್ತು.

ದೋಣಿ ನೀರಿಗೆ ಇಳಿದ ಮೇಲೆ, ನಿಜವಾದ ಜಿಎಂ ಎಷ್ಟು ಅಂತ ತಿಳಿಯಲು ವಾಲಿಸುವ ಪರೀಕ್ಷೆ ನಡೆಯಿತು. ಖಾಲಿ ದೋಣಿ, 41.5 ಟನ್. ಅರ್ಧ ಟನ್ ಕಬ್ಬಿಣವನ್ನು ಡೆಕ್ ಮೇಲೆ 3 ಮೀಟರ್ ಅಡ್ಡಕ್ಕೆ ಸರಿಸಿದರು. 2 ಮೀಟರ್ ದಾರಕ್ಕೆ ಕಟ್ಟಿದ ತೂಗುಗುಂಡು 70 ಮಿಲಿಮೀಟರ್ ಸರಿಯಿತು. ನಾವೆಲ್ಲ ಆಫೀಸಿನಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ನಿಂತು ವಿಡಿಯೊ ಕರೆಯಲ್ಲಿ ನೋಡುತ್ತಿದ್ದೆವು. ಪೀಣ್ಯಕ್ಕೆ ಫೋನ್ ಮಾಡಿದ್ದ ಹುಡುಗನೇ ಲೆಕ್ಕ ಹಾಕಿದ. ಜಿಎಂ 1.03 ಬಂತು. ಖಾಲಿ ದೋಣಿಗೆ ನಾವು ಅಂದಾಜು ಮಾಡಿದ್ದು 1.05. ಅವನು ಎರಡು ಸಲ ಹಾಕಿ ನೋಡಿದ, ಆಮೇಲೆ ಕೂತ.

ಪಟ್ಟಿಯಲ್ಲಿ ಒಂದು ಸಾಲು ಇನ್ನೂ ತುಂಬಿಲ್ಲ. ಗಾಳಿಯೋ ಅಲೆಯೋ ತಳ್ಳಿ ದೋಣಿ ವಾಲಿದರೆ ಅದು ಹೀಲ್, ಒಳಗಿನ ತೂಕ ಒಂದು ಬದಿಗೆ ಬಿದ್ದು ವಾಲಿಯೇ ನಿಂತರೆ ಅದು ಲಿಸ್ಟ್. ಕನ್ನಡದಲ್ಲಿ ನಮಗೆ ಎರಡಕ್ಕೂ ವಾಲುವುದು ಒಂದೇ ಪದ. ನಮ್ಮ ಹಿರಿಯರು ಊರಲ್ಲಿ ಇದಕ್ಕೆ ಬೇರೆ ಬೇರೆ ಮಾತು ಇರಬೇಕು, ದೊಡ್ಡಪ್ಪನನ್ನು ಕೇಳಿ ಬರುತ್ತೇನೆ ಅಂದಿದ್ದಾರೆ. ದೀಪಾವಳಿಗೆ ಊರಿಗೆ ಹೋಗುತ್ತಾರೆ.